ದೇಹ ತಾನಾಗಿಯೇ ಅಲ್ಲಾಡುತ್ತಿದ್ದರೆ: ಯಾವ ಪರೀಕ್ಷೆ ಮೊದಲು, ಯಾವ ಚಿಕಿತ್ಸೆ ಯಾರಿಗೆ?

ಮನೆತನದಲ್ಲಿ ಯಾರಿಗೂ ಇಲ್ಲದ ನಡುಕವೋ ಸೆಳೆತವೋ ಐವತ್ತು ಅರವತ್ತರ ವಯಸ್ಸಿನಲ್ಲಿ ಶುರುವಾದರೆ ಮೊದಲು ಬರುವ ಮಾತು "ನರದ ವೀಕ್‌ನೆಸ್". ಒಂದಷ್ಟು ಬಿ-12 ಇಂಜೆಕ್ಷನ್ ಆಗುತ್ತದೆ. ಆಮೇಲೆ ಯಾರೋ "ಪಾರ್ಕಿನ್ಸನ್ಸ್ ಇರಬಹುದು, ಎಂಆರ್‌ಐ ಮಾಡಿಸಿ" ಎನ್ನುತ್ತಾರೆ. ದುಡ್ಡು ಖರ್ಚಾಗುತ್ತದೆ, ಸ್ಕ್ಯಾನ್ ನಾರ್ಮಲ್ ಬರುತ್ತದೆ, ಕೈ ಮಾತ್ರ ಅಲ್ಲಾಡುತ್ತಲೇ ಇರುತ್ತದೆ.

ಈ ಬರಹ ಅಂಥ ಮನೆಯವರಿಗಾಗಿ. ಔಷಧ ನಿಲ್ಲಿಸುವುದು, ಹೊಸ ಮಾತ್ರೆ, ಬೊಟಾಕ್ಸ್ ಇಂಜೆಕ್ಷನ್, ಆಪರೇಷನ್, ಸ್ವಲ್ಪ ದಿನ ಕಾದು ನೋಡುವುದು, ಹೀಗೆ ದಾರಿಗಳು ಹಲವಿವೆ. ಯಾವ ದಾರಿ ಸರಿ ಅನ್ನುವುದು ಅಲ್ಲಾಟ ಯಾಕೆ ಬಂತು ಅನ್ನುವುದರ ಮೇಲೆ ನಿಂತಿದೆ. ಕಾರಣಗಳ ಪೈಕಿ ಎರಡನ್ನು ಯಾವುದೇ ದುಬಾರಿ ಸ್ಕ್ಯಾನ್‌ಗೆ ಮೊದಲು ನೋಡಲೇಬೇಕು: ಮನೆಯಲ್ಲಿರುವ ಮಾತ್ರೆಗಳು, ಮತ್ತು ರಕ್ತದ ಸಕ್ಕರೆ. ಬೇಗ ಹಿಡಿದರೆ ಇವೆರಡರಿಂದ ಬಂದ ತೊಂದರೆ ಬಹಳಷ್ಟು ಸಲ ವಾಪಸ್ ಹೋಗುತ್ತದೆ. ತಡ ಮಾಡಿದರೆ, ಅದರಲ್ಲೂ ಮಾತ್ರೆಯಿಂದ ಬಂದದ್ದು, ಕೆಲವರಲ್ಲಿ ಉಳಿದೇಬಿಡುತ್ತದೆ.

ಅಲ್ಲಾಟ ಎಂಥದ್ದು?

ಎಲ್ಲವನ್ನೂ ನಾವು "ನಡುಕ" ಎಂದುಬಿಡುತ್ತೇವೆ. ಡಾಕ್ಟರಿಗೆ ಅದರ ಬಗೆ ಬೇಕು. ಒಂದೇ ಲಯದಲ್ಲಿ ಅತ್ತಿತ್ತ ಆಡಿದರೆ ಅದು ನಡುಕ. ಲಯವಿಲ್ಲದೆ, ಒಂದು ಸಲ ಬೆರಳು, ಇನ್ನೊಂದು ಸಲ ಭುಜ, ಮತ್ತೊಮ್ಮೆ ಕಾಲು, ಹೀಗೆ ಹರಿದಾಡಿದರೆ ಕೊರಿಯಾ. ಒಂದು ಭಾಗ ತಿರುಚಿಕೊಂಡು ಹಾಗೇ ಹಿಡಿದುಕೊಂಡರೆ ಡಿಸ್ಟೋನಿಯಾ. ಬೆಚ್ಚಿಬಿದ್ದವರ ಹಾಗೆ ಫಕ್ಕನೆ ಜಗ್ಗಿದರೆ ಮಯೋಕ್ಲೋನಸ್.

ನಡುಕದಲ್ಲೂ ಒಂದು ಮುಖ್ಯ ವ್ಯತ್ಯಾಸ ಇದೆ. ಕೈ ತೊಡೆಯ ಮೇಲೆ ಸುಮ್ನೆ ಇಟ್ಟಾಗ ನಡುಗುತ್ತದೆಯೋ, ಕಾಫಿ ಲೋಟ ಎತ್ತಿದಾಗ ನಡುಗುತ್ತದೆಯೋ? ಮೊದಲನೆಯದು ಪಾರ್ಕಿನ್ಸನ್ಸ್ ಕಡೆಗೆ ಬೆರಳು ತೋರಿಸುತ್ತದೆ. ಎರಡನೆಯದಕ್ಕೆ ಥೈರಾಯ್ಡ್ ಜಾಸ್ತಿ ಆಗಿರುವುದು, ಆಸ್ತಮಾಕ್ಕೆ ತೆಗೆದುಕೊಳ್ಳುವ ಸಾಲ್ಬುಟಮಾಲ್ ಅಥವಾ ಥಿಯೋಫಿಲಿನ್, ಫಿಟ್ಸ್‌ಗೆ ಕೊಡುವ ವಾಲ್‌ಪ್ರೋಯೇಟ್, ಮೂಡ್ ಕಾಯಿಲೆಗೆ ಕೊಡುವ ಲಿಥಿಯಂ ಇವೆಲ್ಲ ಕಾರಣ ಆಗಬಹುದು. ಲಿಥಿಯಂ ತೆಗೆದುಕೊಳ್ಳುವವರಲ್ಲಿ ನಡುಕ ಒಮ್ಮೆಲೇ ಜೋರಾಗಿ, ಜೊತೆಗೆ ವಾಂತಿ, ಭೇದಿ, ತೂಕಡಿಕೆ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮೈಕೈ ನೋವಿಗೆಂದು ನುಂಗಿದ ಐಬುಪ್ರೊಫೆನ್ ಕೂಡ ಲಿಥಿಯಂ ಮಟ್ಟವನ್ನು ಏರಿಸಬಲ್ಲದು.

ಮನೆಯಲ್ಲಿ ಮಾಡಬಹುದಾದ ಒಳ್ಳೆಯ ಕೆಲಸ ಮೊಬೈಲ್‌ನಲ್ಲಿ ವಿಡಿಯೋ ತೆಗೆಯುವುದು. ಕುಳಿತಾಗ, ನಡೆಯುವಾಗ, ಲೋಟ ಹಿಡಿದಾಗ, ಬರೆಯುವಾಗ, ಮಲಗಿ ನಿದ್ದೆ ಹೋದಾಗ. ಪೂರ್ತಿ ದೇಹ ಕಾಣುವ ಹಾಗೆ ತೆಗೆಯಿರಿ. ಡಾಕ್ಟರ ಮುಂದೆ ಕೂತಾಗ ಅಲ್ಲಾಟ ಕಾಣಿಸದೇ ಹೋಗುವುದು ತುಂಬಾ ಸಾಮಾನ್ಯ. ಹತ್ತು ಸಾಲು ವಿವರಣೆಗಿಂತ ಅರ್ಧ ನಿಮಿಷದ ವಿಡಿಯೋ ಜಾಸ್ತಿ ಹೇಳುತ್ತದೆ.

ರಕ್ತ ಪರೀಕ್ಷೆಯೋ, ಸ್ಕ್ಯಾನೋ?

ಮೊದಲು ರಕ್ತ. ಸಕ್ಕರೆ ಮತ್ತು ಎಚ್‌ಬಿಎ1ಸಿ, ಥೈರಾಯ್ಡ್‌ಗೆ ಟಿಎಸ್‌ಎಚ್, ಕಿಡ್ನಿ ಮತ್ತು ಲಿವರ್ ಪರೀಕ್ಷೆ, ಸೋಡಿಯಂ, ಕ್ಯಾಲ್ಸಿಯಂ, ಜೊತೆಗೆ ಸಾದಾ ಬ್ಲಡ್ ಕೌಂಟ್. ತಾಲೂಕು ಮಟ್ಟದ ಲ್ಯಾಬ್‌ನಲ್ಲೂ ಇವು ಆಗುತ್ತವೆ. ಬ್ಲಡ್ ಕೌಂಟ್ ಯಾಕೆ ಅಂದರೆ, ಹಿಮೋಗ್ಲೋಬಿನ್ ತೀರಾ ಜಾಸ್ತಿಯಾಗುವ ಪಾಲಿಸೈಥೀಮಿಯಾ ಎಂಬ ಕಾಯಿಲೆಯೂ ವಯಸ್ಸಾದವರಲ್ಲಿ ಕೊರಿಯಾ ತರುತ್ತದೆ. ಕಡಿಮೆ ಇದ್ದರೆ ಗಾಬರಿಯಾಗುವ ನಾವು ಜಾಸ್ತಿ ಇದ್ದರೆ "ಒಳ್ಳೇ ರಕ್ತ ಇದೆ" ಎಂದು ಸಮಾಧಾನಪಡುತ್ತೇವೆ. ಚಿಕ್ಕ ವಯಸ್ಸಿನ ಹೆಂಗಸರಲ್ಲಿ, ಅದರಲ್ಲೂ ಗರ್ಭಿಣಿಯರಲ್ಲಿ ಅಥವಾ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಕೊರಿಯಾ ಬಂದರೆ ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆ ತನ್ನ ಮೈಯನ್ನೇ ಕಾಡುವ ಕಾಯಿಲೆ) ಮತ್ತು ಆಂಟಿಫಾಸ್ಫೋಲಿಪಿಡ್ ಪರೀಕ್ಷೆಗಳನ್ನೂ ಸೇರಿಸುತ್ತಾರೆ.

ಎಂಆರ್‌ಐ ಯಾವಾಗ ಬೇಕು? ಅಲ್ಲಾಟ ದೇಹದ ಒಂದೇ ಪಕ್ಕಕ್ಕೆ ಬಂದಾಗ, ಇದ್ದಕ್ಕಿದ್ದಂತೆ ಬಂದಾಗ, ಜೊತೆಗೆ ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಶಕ್ತಿ ಕಡಿಮೆಯಾಗುವುದು ಇದ್ದಾಗ ತಡ ಮಾಡದೆ ಬೇಕು. ಎರಡೂ ಕೈಗಳಲ್ಲಿ ಎಷ್ಟೋ ತಿಂಗಳಿಂದ ಸಣ್ಣ ನಡುಕ ಇರುವವರಿಗೆ ಸಾಮಾನ್ಯವಾಗಿ ಎಂಆರ್‌ಐ ಹೊಸದೇನೂ ಹೇಳುವುದಿಲ್ಲ. ಪಾರ್ಕಿನ್ಸನ್ಸ್ ಇದ್ದರೂ ಮಾಮೂಲಿ ಎಂಆರ್‌ಐ ನಾರ್ಮಲ್ ಬರಬಹುದು.

ಟ್ರೋಡ್ಯಾಟ್ ಸ್ಕ್ಯಾನ್ ಬೇರೆ. ಡೋಪಮಿನ್ ಅಂದರೆ ನಮ್ಮ ಚಲನೆಯನ್ನು ಹದದಲ್ಲಿಡುವ ಮೆದುಳಿನ ರಾಸಾಯನಿಕ. ಅದರ ನರತುದಿಗಳು ಹೇಗಿವೆ ಎಂದು ಈ ಸ್ಕ್ಯಾನ್ ತೋರಿಸುತ್ತದೆ. ಮಾತ್ರೆಯಿಂದ ಬಂದ ಪಾರ್ಕಿನ್ಸನ್ಸ್ ತರಹದ ತೊಂದರೆಯಲ್ಲಿ ಅದು ನಾರ್ಮಲ್ ಇರುತ್ತದೆ. ನಿಜವಾದ ಪಾರ್ಕಿನ್ಸನ್ಸ್‌ನಲ್ಲಿ ಕುಗ್ಗಿರುತ್ತದೆ. ಎರಡರಲ್ಲಿ ಯಾವುದು ಎಂಬ ಗೊಂದಲ ಉಳಿದಾಗ ಮಾತ್ರ ಇದಕ್ಕೆ ದುಡ್ಡು ಹಾಕುವುದರಲ್ಲಿ ಅರ್ಥ ಇದೆ.

ಮನೆಯಲ್ಲಿ ಯಾರಿಗೂ ಇಲ್ಲ ಅಂದ ಮಾತ್ರಕ್ಕೆ ವಂಶದ ಕಾಯಿಲೆ ಅಲ್ಲ ಎಂದು ಹೇಳಿಬಿಡಲು ಆಗದು. ವಯಸ್ಸು ನಲವತ್ತಕ್ಕಿಂತ ಕಡಿಮೆ ಇದ್ದರೆ ಮೈಯಲ್ಲಿ ತಾಮ್ರ ಸೇರಿಕೊಳ್ಳುವ ವಿಲ್ಸನ್ ಎಂಬ ವಂಶದ ಕಾಯಿಲೆಯನ್ನು ಮರೆಯಬಾರದು. ಸೆರುಲೋಪ್ಲಾಸ್ಮಿನ್ ಎಂಬ ರಕ್ತ ಪರೀಕ್ಷೆ, ಕಣ್ಣಿನ ಡಾಕ್ಟರ ಸ್ಲಿಟ್ ಲ್ಯಾಂಪ್ ಪರೀಕ್ಷೆ ಎರಡನ್ನೂ ಮಾಡಿಸಬೇಕು. ಸಕಾಲಕ್ಕೆ ಔಷಧ ಸಿಕ್ಕರೆ ತಡೆಯಬಹುದಾದ ಕಾಯಿಲೆ ಅದು.

ಮಾತ್ರೆಯೇ ಕಾರಣವಾದಾಗ

ಇಲ್ಲಿ ನಾನು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಯಾಕಂದರೆ ನಮ್ಮ ಮನೆಗಳಲ್ಲಿ ಇದು ಕಣ್ಣೆದುರೇ ಇದ್ದೂ ಕಾಣುವುದಿಲ್ಲ.

ಮಾನಸಿಕ ಕಾಯಿಲೆಗೆ ಕೊಡುವ ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್ ಇಂಥವುಗಳಿಂದ ಅಲ್ಲಾಟ ಬರುತ್ತದೆ ಎಂದು ಹಲವರಿಗೆ ಗೊತ್ತು. ಗೊತ್ತಿಲ್ಲದಿರುವುದು ಗ್ಯಾಸ್ ಮಾತ್ರೆ, ತಲೆಸುತ್ತಿನ ಮಾತ್ರೆ, ಮೈಗ್ರೇನ್ ಮಾತ್ರೆಗಳ ವಿಷಯ. ಹೊಟ್ಟೆ ಉಬ್ಬರಕ್ಕೆ ರಾಬೆಪ್ರಜೋಲ್ ಅಥವಾ ಪ್ಯಾಂಟೊಪ್ರಜೋಲ್ ಜೊತೆ ಸೇರಿಸಿ ಕೊಡುವ ಲೆವೊಸಲ್ಪಿರೈಡ್, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ತಲೆಸುತ್ತಿಗೆ ಕೊಡುವ ಸಿನ್ನರಿಜಿನ್ ಮತ್ತು ಪ್ರೊಕ್ಲೋರ್‌ಪೆರಜಿನ್, ಮೈಗ್ರೇನ್‌ಗೆ ಕೊಡುವ ಫ್ಲುನರಿಜಿನ್, ಟೆನ್ಶನ್‌ಗೆಂದು ಕೊಡುವ ಫ್ಲುಪೆಂಟಿಕ್ಸೋಲ್ ಸೇರಿದ ಮಾತ್ರೆ, ಇವೆಲ್ಲ ಮೆದುಳಿನಲ್ಲಿ ಡೋಪಮಿನ್ ಕೆಲಸವನ್ನು ತಡೆಯುತ್ತವೆ. ಒಂದೆರಡು ವಾರಕ್ಕೆ ಬರೆದುಕೊಟ್ಟದ್ದನ್ನು ಅದೇ ಚೀಟಿ ತೋರಿಸಿ ವರ್ಷಗಟ್ಟಲೆ ತರಿಸಿಕೊಂಡು ನುಂಗುವುದು ನಮ್ಮಲ್ಲಿ ಮಾಮೂಲು. ಮೆಟೊಕ್ಲೊಪ್ರಮೈಡನ್ನು 12 ವಾರಕ್ಕಿಂತ ಹೆಚ್ಚು ಬಳಸಬಾರದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರಲ್ಲೇ ಅದರ ಲೇಬಲ್ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿದೆ.

ಸ್ಟ್ರಿಪ್ಪಿನ ಹಿಂಬದಿ ತಿರುಗಿಸಿ ನೋಡಿ. ಮುಂದೆ ದಪ್ಪಕ್ಷರದಲ್ಲಿ ಕಂಪನಿ ಇಟ್ಟ ಹೆಸರಿರುತ್ತದೆ. ಸಣ್ಣಕ್ಷರದಲ್ಲಿ ಒಳಗಿರುವ ಔಷಧಗಳ ಹೆಸರಿರುತ್ತದೆ. ನಮಗೆ ಬೇಕಾದ್ದು ಆ ಸಣ್ಣಕ್ಷರ. ಪ್ಯಾಂಟೊಪ್ರಜೋಲ್ ಜೊತೆ ಡೊಂಪೆರಿಡೋನ್ ಇರುವ ಕ್ಯಾಪ್ಸೂಲ್ ಕೂಡ ನೋಡಲು ಹಾಗೇ ಇರುತ್ತದೆ. ಡೊಂಪೆರಿಡೋನ್ ಮೆದುಳಿನೊಳಕ್ಕೆ ಅಷ್ಟಾಗಿ ಹೋಗುವುದಿಲ್ಲ, ಹಾಗಾಗಿ ಅಲ್ಲಾಟದ ಅಪಾಯ ಕಡಿಮೆ. ಆದರೆ ಹೃದಯದ ಬಡಿತ ಏರುಪೇರಾಗುವ ಅಪಾಯ ಅದಕ್ಕಿದೆ. ಆದ್ದರಿಂದ ಅದೂ ವರ್ಷಗಟ್ಟಲೆ ನುಂಗುವ ಮಾತ್ರೆ ಅಲ್ಲ.

ಈ ಔಷಧಗಳಿಂದ ಮೂರು ಬೇರೆ ಬೇರೆ ತೊಂದರೆ ಬರುತ್ತವೆ. ಮೂರಕ್ಕೂ ದಾರಿ ಬೇರೆ.

ಒಂದು, ಕೂಡಲೇ ಬರುವುದು. ವಾಂತಿಗೆ ಇಂಜೆಕ್ಷನ್ ಕೊಟ್ಟ ಕೆಲವೇ ಗಂಟೆಗಳಲ್ಲಿ, ಇಲ್ಲವೇ ಒಂದೆರಡು ದಿನದಲ್ಲಿ ಕತ್ತು ಹಿಂದಕ್ಕೆ ತಿರುಚುತ್ತದೆ, ಕಣ್ಣುಗುಡ್ಡೆ ಮೇಲಕ್ಕೆ ಹೋಗಿ ನಿಲ್ಲುತ್ತದೆ, ದವಡೆ ಕಚ್ಚಿಕೊಳ್ಳುತ್ತದೆ. ಹರೆಯದವರಲ್ಲಿ ಜಾಸ್ತಿ. ಇದನ್ನು ಫಿಟ್ಸ್ ಅಂದುಕೊಳ್ಳುವವರಿದ್ದಾರೆ, ದೆವ್ವ ಮೆಟ್ಟಿದೆ ಎನ್ನುವವರೂ ಇದ್ದಾರೆ. ಪ್ರಜ್ಞೆ ಮಾತ್ರ ಪೂರ್ತಿ ಇರುತ್ತದೆ. ಪ್ರೊಮೆಥಜಿನ್ ಇಂಜೆಕ್ಷನ್ ಕೊಟ್ಟರೆ ಸಾಮಾನ್ಯವಾಗಿ ನಿಮಿಷಗಳಲ್ಲೇ ಸಡಿಲಾಗುತ್ತದೆ. ಅಂಥವರ ಫೈಲಿನ ಮೇಲೆ ಆ ಔಷಧದ ಹೆಸರನ್ನು "ಕೊಡಬಾರದು" ಎಂದು ದೊಡ್ಡದಾಗಿ ಬರೆದಿಡಿ.

ಎರಡು, ಪಾರ್ಕಿನ್ಸನ್ಸ್ ತರಹದ್ದು. ನಡಿಗೆ ನಿಧಾನ, ಮುಖದಲ್ಲಿ ಭಾವ ಕಡಿಮೆ, ಮೈ ಬಿಗಿ, ನಡುಕ. ಹೆಚ್ಚಾಗಿ ಎರಡೂ ಪಕ್ಕದಲ್ಲಿ ಸರಿಸುಮಾರು ಒಂದೇ ಸಮ ಇರುತ್ತದೆ. ನಿಜವಾದ ಪಾರ್ಕಿನ್ಸನ್ಸ್ ಒಂದು ಪಕ್ಕದಿಂದ ಶುರುವಾಗುವುದು ಜಾಸ್ತಿ. ಇಲ್ಲಿ ಆಯ್ಕೆ ಸ್ಪಷ್ಟ: ಕಾರಣವಾದ ಮಾತ್ರೆಯನ್ನು ಡಾಕ್ಟರ ಮೂಲಕ ನಿಲ್ಲಿಸಿ, ಕಾಯುವುದು. ವಾರಗಳಿಂದ ಹಿಡಿದು ಆರೇಳು ತಿಂಗಳವರೆಗೂ ಹಿಡಿಯಬಹುದು. ಫ್ಲುನರಿಜಿನ್ ದೇಹದಿಂದ ಹೊರಹೋಗಲು ವಾರಗಳೇ ಬೇಕು, ಹಾಗಾಗಿ ನಿಲ್ಲಿಸಿದ ಮರುವಾರವೇ "ಕಡಿಮೆ ಆಗಲಿಲ್ಲ" ಎಂದು ಕೈಬಿಡಬೇಡಿ. ಮಾತ್ರೆ ನಿಲ್ಲಿಸದೆ ಅದರ ಮೇಲೆ ಲೆವೊಡೋಪಾ (ಮೆದುಳಿನಲ್ಲಿ ಡೋಪಮಿನ್ ಆಗಿ ಬದಲಾಗುವ ಪಾರ್ಕಿನ್ಸನ್ಸ್ ಔಷಧ) ಕೊಡುತ್ತಾ ಹೋಗುವುದು ಒಂದು ಕಾಲಿನಿಂದ ಬ್ರೇಕ್ ಒತ್ತಿಕೊಂಡೇ ಇನ್ನೊಂದರಿಂದ ಆಕ್ಸಿಲರೇಟರ್ ತುಳಿದ ಹಾಗೆ. ಕೆಲವರಲ್ಲಿ ಮಾತ್ರೆ ನಿಂತ ಮೇಲೂ ತೊಂದರೆ ಮುಂದುವರಿಯುತ್ತದೆ. ಒಳಗೆ ಶುರುವಾಗಿದ್ದ ಪಾರ್ಕಿನ್ಸನ್ಸನ್ನು ಮಾತ್ರೆ ಹೊರಗೆಳೆದಿರಬಹುದು. ಆಗ ಟ್ರೋಡ್ಯಾಟ್ ಪ್ರಯೋಜನಕ್ಕೆ ಬರುತ್ತದೆ.

ಮೂರು, ತಡವಾಗಿ ಬರುವ ಟಾರ್ಡೈವ್ ಡಿಸ್ಕೈನೀಸಿಯಾ. ನಾಲಗೆ ಹೊರಳಾಡುವುದು, ತುಟಿ ಚಪ್ಪರಿಸುವುದು, ಜಗಿದ ಹಾಗೆ ದವಡೆ ಆಡುವುದು. ತಿಂಗಳುಗಟ್ಟಲೆ ಔಷಧ ತೆಗೆದುಕೊಂಡ ಮೇಲೆ ಬರುತ್ತದೆ. ವಯಸ್ಸಾದವರು, ಹೆಂಗಸರು, ಸಕ್ಕರೆ ಕಾಯಿಲೆ ಇರುವವರಿಗೆ ಅಪಾಯ ಜಾಸ್ತಿ. ಅಜ್ಜಿ ಎಲೆಅಡಿಕೆ ಜಗಿಯುತ್ತಿದ್ದಾರೆ ಎಂದು ಮನೆಯವರು ಅಂದುಕೊಂಡಿರುತ್ತಾರೆ, ಬಾಯಲ್ಲಿ ಏನೂ ಇರುವುದಿಲ್ಲ. ಇದನ್ನು ಅಳೆಯಲು ಡಾಕ್ಟರುಗಳು ಬಳಸುವ ಏಮ್ಸ್ ಎಂಬ ಪಟ್ಟಿಯಲ್ಲಿ ಬಾಯಲ್ಲಿ ಏನಾದರೂ ಇದೆಯೇ, ಹಲ್ಲಿನ ಸೆಟ್ ಸರಿಯಾಗಿ ಕೂತಿದೆಯೇ ಎಂದು ಮೊದಲೇ ಕೇಳುವುದು ಇದಕ್ಕೇ. ಹಲ್ಲೆಲ್ಲ ಬಿದ್ದವರಲ್ಲಿ ಬಾಯಿ ಸುಮ್ನೆ ಆಡುವುದುಂಟು. ಸರಿಯಾದ ಸೆಟ್ ಹಾಕಿಸಿದರೆ ಅದು ಕಡಿಮೆಯಾಗುತ್ತದೆ.

ಟಾರ್ಡೈವ್‌ಗೆ ಆಯ್ಕೆಗಳು ಇವು. ಗ್ಯಾಸ್ ಅಥವಾ ತಲೆಸುತ್ತಿನ ಮಾತ್ರೆ ಕಾರಣವಾದರೆ ನಿಲ್ಲಿಸುವುದೇ ಮೊದಲ ಹೆಜ್ಜೆ. ನಿಲ್ಲಿಸಿದ ಹೊಸತರಲ್ಲಿ ಅಲ್ಲಾಟ ಸ್ವಲ್ಪ ಹೆಚ್ಚಾಗಬಹುದು, ಅದಕ್ಕೆ ಹೆದರಿ ಮತ್ತೆ ಶುರು ಮಾಡಬೇಡಿ, ಡಾಕ್ಟರಿಗೆ ತಿಳಿಸಿ. ಮಾನಸಿಕ ಕಾಯಿಲೆಯ ಮಾತ್ರೆ ಕಾರಣವಾದರೆ ಕಥೆ ಬೇರೆ. ಅದನ್ನು ಮನೆಯಲ್ಲೇ ನಿಲ್ಲಿಸಿದರೆ ಕಾಯಿಲೆ ಮರುಕಳಿಸುತ್ತದೆ, ಆಗುವ ನಷ್ಟ ಅಲ್ಲಾಟಕ್ಕಿಂತ ದೊಡ್ಡದು. ಮನೋವೈದ್ಯರು ಅಲ್ಲಾಟದ ಅಪಾಯ ಕಡಿಮೆ ಇರುವ ಕ್ಲೊಜಪಿನ್ ಅಥವಾ ಕ್ವೆಟಿಯಾಪಿನ್‌ಗೆ ಬದಲಿಸಬಹುದೇ ಎಂದು ನೋಡುತ್ತಾರೆ.

ಇಷ್ಟಾದರೂ ತೊಂದರೆ ಕೊಡುತ್ತಿದ್ದರೆ ಟೆಟ್ರಾಬೆನಜಿನ್ ಗುಂಪಿನ ಮಾತ್ರೆ. ಇದೇ ಗುಂಪಿನ ಹೊಸ ಔಷಧಗಳಾದ ವಾಲ್ಬೆನಜಿನ್ ಮತ್ತು ಡ್ಯೂಟೆಟ್ರಾಬೆನಜಿನ್‌ಗೆ ಅಮೆರಿಕದಲ್ಲಿ ಟಾರ್ಡೈವ್‌ಗೆಂದೇ 2017ರಲ್ಲಿ ಒಪ್ಪಿಗೆ ಸಿಕ್ಕಿತು. ಸದ್ಯ ಗಟ್ಟಿ ಪುರಾವೆ ಇರುವುದು ಇವೆರಡಕ್ಕೆ. ಅಪ್ಪ ಅಮ್ಮ ಅಮೆರಿಕದಲ್ಲಿ ಮಕ್ಕಳ ಜೊತೆ ಇದ್ದರೆ ಇವುಗಳ ಬಗ್ಗೆ ಅಲ್ಲಿನ ಡಾಕ್ಟರನ್ನು ಕೇಳಬಹುದು. ಹಳೆಯ ಟೆಟ್ರಾಬೆನಜಿನ್ ನಮ್ಮ ಊರುಗಳಲ್ಲಿ ಸಿಗುತ್ತದೆ, ಕೆಲಸವನ್ನೂ ಮಾಡುತ್ತದೆ. ಆದರೆ ದಿನಕ್ಕೆ ಹಲವು ಸಲ ನುಂಗಬೇಕು, ಸಾಮಾನ್ಯವಾಗಿ 12.5 ಮಿಲಿಗ್ರಾಂನಿಂದ ಶುರು ಮಾಡಿ ನಿಧಾನ ಏರಿಸುತ್ತಾರೆ. ಅದರ ದೊಡ್ಡ ಅಪಾಯ ಖಿನ್ನತೆ, ಕೆಲವರಲ್ಲಿ ಸಾಯುವ ಯೋಚನೆ ಕೂಡ. ಹಿಂದೆ ಖಿನ್ನತೆ ಇದ್ದವರಾದರೆ ಚೀಟಿ ಬರೆಯುವ ಮೊದಲೇ ಹೇಳಬೇಕು. ಮೈ ಬಿಗಿಯುವುದು, ನಿದ್ದೆ ಜಾಸ್ತಿಯಾಗುವುದು ಕೂಡ ಉಂಟು.

ಟ್ರೈಹೆಕ್ಸಿಫೆನಿಡಿಲ್ ಬಗ್ಗೆ ಒಂದು ಮಾತು. ಮಾನಸಿಕ ಕಾಯಿಲೆಯ ಮಾತ್ರೆಗಳ ಜೊತೆ ಇದನ್ನು ವಾಡಿಕೆಯಂತೆ ಕೊಡುತ್ತಾರೆ. ಮೈ ಬಿಗಿತಕ್ಕೆ, ಕತ್ತು ತಿರುಚುವುದಕ್ಕೆ ಅದು ಒಳ್ಳೆಯದೇ. ಬಾಯಿ ನಾಲಗೆ ಆಡುವ ಟಾರ್ಡೈವ್‌ನಲ್ಲಿ ಅದು ಅಲ್ಲಾಟವನ್ನು ಹೆಚ್ಚಿಸಬಹುದು. ಎಪ್ಪತ್ತರ ಮೇಲಿನವರಲ್ಲಿ ಮರೆವು, ಗೊಂದಲ, ಮೂತ್ರ ಕಟ್ಟುವುದು, ಮಲಬದ್ಧತೆ ತರುತ್ತದೆ. ಹಾಗಾಗಿ ವಯಸ್ಸಾದವರ ಚೀಟಿಯಲ್ಲಿ ಇದು ಕಂಡರೆ "ಈಗಲೂ ಬೇಕಾ?" ಎಂದು ಕೇಳುವುದು ತಪ್ಪಲ್ಲ.

ನಸುಗುನ್ನಿ ಬೀಜದ ಪುಡಿಯನ್ನು "ನರಕ್ಕೆ ಒಳ್ಳೆಯದು" ಎಂದು ಕೊಡುವುದುಂಟು. ಅದರಲ್ಲಿ ಲೆವೊಡೋಪಾ ಇದೆ. ಪಾರ್ಕಿನ್ಸನ್ಸ್‌ನಲ್ಲಿ ಅದರ ಪರಿಣಾಮ ಒಂದು ರೀತಿ, ಕೊರಿಯಾ ಮತ್ತು ಟಾರ್ಡೈವ್‌ನಲ್ಲಿ ತದ್ವಿರುದ್ಧ. ಅಲ್ಲಾಟ ಯಾವುದು ಎಂದು ಗೊತ್ತಾಗುವ ಮುಂಚೆ ಕೊಡಬೇಡಿ. ಕೊಡುತ್ತಿದ್ದರೆ ನರರೋಗ ತಜ್ಞರಿಂದ ಮುಚ್ಚಿಡಬೇಡಿ.

ಒಂದೇ ಪಕ್ಕದ ಕೈಕಾಲು ಎಸೆದಾಡಿದರೆ: ಸಕ್ಕರೆಯೋ, ಸ್ಟ್ರೋಕೋ?

ಎಪ್ಪತ್ತರ ಹೆಂಗಸು. ಸಕ್ಕರೆ ಕಾಯಿಲೆ ಇದೆ, ಮಾತ್ರೆ ತಪ್ಪಿಸುತ್ತಾರೆ. ಒಂದು ದಿನ ಎಡಗೈ ತಾನಾಗಿ ಎಗರಾಡಲು ಶುರುವಾಗುತ್ತದೆ, ಆಮೇಲೆ ಎಡಗಾಲೂ ಸೇರಿಕೊಳ್ಳುತ್ತದೆ. ನಿದ್ದೆ ಬಂದಾಗ ನಿಲ್ಲುತ್ತದೆ, ಎದ್ದ ಕೂಡಲೇ ಮತ್ತೆ ಶುರು. ಇದು ಸಕ್ಕರೆ ತೀರಾ ಏರಿದಾಗ ಬರುವ ಹೆಮಿಕೊರಿಯಾದ, ಅಂದರೆ ಒಂದೇ ಪಕ್ಕದ ಕೊರಿಯಾದ, ಮಾದರಿ ಚಿತ್ರ. ಏಷ್ಯಾದ ವಯಸ್ಸಾದ ಹೆಂಗಸರಲ್ಲಿ ಇದು ಹೆಚ್ಚಾಗಿ ಕಂಡಿದೆ. ಕೆಲವರಲ್ಲಂತೂ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾಗುವುದೇ ಇದರಿಂದ.

ಸ್ಟ್ರೋಕ್‌ನಿಂದಲೂ ಹೀಗೇ ಆಗುತ್ತದೆ. ಆಗ ಸೆಕೆಂಡು ನಿಮಿಷಗಳಲ್ಲಿ ಪೂರ್ತಿ ಜೋರಾಗಿ ಬರುವುದು ಜಾಸ್ತಿ. ಮನೆಯಲ್ಲಿ ಕೂತು ಇದನ್ನು ತೀರ್ಮಾನಿಸಲು ಹೋಗಬಾರದು, ಎರಡಕ್ಕೂ ಅದೇ ದಿನ ಆಸ್ಪತ್ರೆಯೇ. ಗ್ಲುಕೋಮೀಟರ್ ಇದ್ದರೆ ಹೊರಡುವಾಗಲೇ ಬೆರಳು ಚುಚ್ಚಿ ನೋಡಿ, ಸಂಖ್ಯೆ ಬರೆದುಕೊಳ್ಳಿ.

ಸಕ್ಕರೆಯಿಂದ ಬಂದದ್ದಾದರೆ ಸಿಟಿ ಸ್ಕ್ಯಾನ್‌ನಲ್ಲಿ ಎದುರು ಪಕ್ಕದ ಮೆದುಳಿನ ಆಳದಲ್ಲಿ ಬಿಳಿ ಕಲೆ ಕಾಣಬಹುದು. ಅದನ್ನು ರಕ್ತಸ್ರಾವ ಎಂದು ಓದಿಬಿಡುವ ಸಾಧ್ಯತೆ ಇದೆ. ಎಂಆರ್‌ಐಯ ಟಿ1 ಚಿತ್ರದಲ್ಲಿ ಪುಟಾಮೆನ್ ಎಂಬ ಭಾಗ ಬೆಳ್ಳಗೆ ಹೊಳೆಯುವುದು ಇದರ ಗುರುತು. ಚಿಕಿತ್ಸೆ ಮುಖ್ಯವಾಗಿ ಸಕ್ಕರೆ ಇಳಿಸುವುದು, ಬಹುತೇಕ ಇನ್ಸುಲಿನ್‌ನಿಂದ. ಹೆಚ್ಚಿನವರಲ್ಲಿ ದಿನಗಳಲ್ಲೋ ವಾರಗಳಲ್ಲೋ ಕಡಿಮೆಯಾಗುತ್ತದೆ, ಕೆಲವರಿಗೆ ತಿಂಗಳುಗಳೇ ಬೇಕು. ಗಾಯವಾಗುವಷ್ಟು ಎಸೆದಾಡುತ್ತಿದ್ದರೆ ಮಾತ್ರ ಸ್ವಲ್ಪ ಕಾಲಕ್ಕೆ ಅಲ್ಲಾಟ ತಗ್ಗಿಸುವ ಮಾತ್ರೆ. ಹಾಸಿಗೆಯ ಪಕ್ಕ ದಿಂಬು ಕಟ್ಟಿ. ಸ್ಟ್ರೋಕ್‌ನಿಂದ ಬಂದ ಎಸೆದಾಟವೂ ಬಹಳಷ್ಟು ಜನರಲ್ಲಿ ವಾರ ತಿಂಗಳುಗಳಲ್ಲಿ ತಗ್ಗುತ್ತದೆ. ಅಲ್ಲಿ ಮುಂದಿನ ಸ್ಟ್ರೋಕ್ ತಡೆಯುವ ಔಷಧವೇ ಜೀವ ಉಳಿಸುವುದು.

ಕಿಡ್ನಿ ತೊಂದರೆ ಇರುವವರಲ್ಲಿ ಕೈಕಾಲು ಫಕ್ಕನೆ ಜಗ್ಗಲು ಶುರುವಾದರೆ ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ ಪರೀಕ್ಷೆಯ ಜೊತೆಗೆ, ಮಾತ್ರೆಗಳಲ್ಲಿ ಗಾಬಾಪೆಂಟಿನ್, ಪ್ರೆಗಾಬಲಿನ್ ಇದೆಯೇ ಎಂದೂ ನೋಡಿ. ಪಾದ ಉರಿಗೆಂದು ಕೊಡುವ ಈ ಮಾತ್ರೆಗಳು ಕಿಡ್ನಿಯ ಮೂಲಕವೇ ಹೊರಹೋಗಬೇಕು. ಹೋಗದಿದ್ದರೆ ಮೈಯಲ್ಲಿ ಸೇರಿಕೊಂಡು ಜಗ್ಗಿಸುತ್ತವೆ. ಡೋಸ್ ಇಳಿಸಿದರೆ ಸರಿಹೋಗುತ್ತದೆ.

ಮುಖ ಮತ್ತು ಕತ್ತು: ಮಾತ್ರೆ, ಇಂಜೆಕ್ಷನ್, ಆಪರೇಷನ್

ಬಲಗಣ್ಣು ಅದುರಿತು, ಎಡಗಣ್ಣು ಅದುರಿತು ಎಂದು ಶಕುನ ನೋಡುತ್ತೇವಲ್ಲ, ಆ ಅದುರುವಿಕೆ ನಿದ್ದೆಗೆಟ್ಟಾಗ, ಕಾಫಿ ಜಾಸ್ತಿಯಾದಾಗ ಬರುವಂಥದ್ದು. ರೆಪ್ಪೆಯ ಒಂದು ಎಳೆ ಮಾತ್ರ ಮಿಡಿಯುತ್ತದೆ, ಕೆಲವು ದಿನಗಳಲ್ಲಿ ತಾನಾಗಿ ಹೋಗುತ್ತದೆ. ಏನೂ ಮಾಡಬೇಕಿಲ್ಲ.

ಒಂದು ಕಣ್ಣಿನಿಂದ ಶುರುವಾಗಿ ಅದೇ ಪಕ್ಕದ ಕೆನ್ನೆ, ಬಾಯಿಯ ತುದಿಗೂ ಸೆಳೆತ ಹರಡಿದರೆ ಅದು ಹೆಮಿಫೇಶಿಯಲ್ ಸ್ಪಾಸಂ. ಹೆಚ್ಚಾಗಿ ರಕ್ತನಾಳವೊಂದು ಮುಖದ ನರವನ್ನು ಅದರ ಬುಡದಲ್ಲಿ ಒತ್ತುವುದರಿಂದ ಬರುತ್ತದೆ. ನಿದ್ದೆಯಲ್ಲೂ ಬಿಡುವುದಿಲ್ಲ. ಎರಡೂ ಕಣ್ಣು ಒಟ್ಟಿಗೆ ಬಿಗಿಯಾಗಿ ಮುಚ್ಚಿಕೊಂಡರೆ ಬ್ಲೆಫರೋಸ್ಪಾಸಂ, ಅದು ಡಿಸ್ಟೋನಿಯಾ.

ಎರಡಕ್ಕೂ ಬೊಟುಲಿನಂ ಟಾಕ್ಸಿನ್ (ಬೊಟಾಕ್ಸ್) ಇಂಜೆಕ್ಷನ್ ಚೆನ್ನಾಗಿ ಕೆಲಸ ಮಾಡುತ್ತದೆ. ಅಮೆರಿಕದಲ್ಲಿ ಕಣ್ಣಿನ ಇಂಥ ಸೆಳೆತಗಳಿಗೆ 1989ರಲ್ಲೇ ಒಪ್ಪಿಗೆ ಸಿಕ್ಕಿದೆ. ಸುಕ್ಕು ತೆಗೆಯುವ ಬಳಕೆ ಬಂದದ್ದು ಆಮೇಲೆ. ಕೆಲವು ದಿನಗಳಲ್ಲಿ ಪರಿಣಾಮ ಶುರುವಾಗಿ ಮೂರ್ನಾಲ್ಕು ತಿಂಗಳು ಇರುತ್ತದೆ, ಮತ್ತೆ ಹಾಕಿಸಬೇಕು. ರೆಪ್ಪೆ ಸ್ವಲ್ಪ ಇಳಿಬೀಳುವುದು, ಕಣ್ಣು ಒಣಗುವುದು ಆಗಬಹುದು, ಅವು ತಾನಾಗಿ ಸರಿಹೋಗುತ್ತವೆ. ಯಾವ ಬ್ರಾಂಡ್, ಎಷ್ಟು ಯೂನಿಟ್ ಎಂದು ಪ್ರತಿ ಸಲ ಬರೆಸಿಕೊಳ್ಳಿ. ಒಂದು ಬ್ರಾಂಡಿನ ಯೂನಿಟ್ ಇನ್ನೊಂದಕ್ಕೆ ಸಮ ಅಲ್ಲ.

ಹೆಮಿಫೇಶಿಯಲ್ ಸ್ಪಾಸಂಗೆ ಇನ್ನೊಂದು ದಾರಿ ಆಪರೇಷನ್. ಕಿವಿಯ ಹಿಂದಿನಿಂದ ಒಳಹೋಗಿ ರಕ್ತನಾಳ ಮತ್ತು ನರದ ನಡುವೆ ಟೆಫ್ಲಾನ್ ತುಣುಕು ಇಡುತ್ತಾರೆ. ಹೆಚ್ಚಿನವರಿಗೆ ಪೂರ್ತಿ ಗುಣವಾಗುತ್ತದೆ. ಆದರೆ ಮೆದುಳಿನ ಆಪರೇಷನ್ ಅದು, ಆ ಕಿವಿಯ ಕೇಳಿಸುವ ಶಕ್ತಿ ಹೋಗುವ ಅಪಾಯ ಇದೆ. ನಲವತ್ತರ ಆಸುಪಾಸಿನ, ಬೇರೆ ಕಾಯಿಲೆ ಇಲ್ಲದ, ಇನ್ನೂ ಮೂವತ್ತು ವರ್ಷ ಇಂಜೆಕ್ಷನ್ ಖರ್ಚು ಬೇಡ ಎನ್ನುವವರು ಆಪರೇಷನ್ ಬಗ್ಗೆ ಗಂಭೀರವಾಗಿ ಯೋಚಿಸಬಹುದು. ಎಪ್ಪತ್ತರವರಿಗೆ, ಹೃದಯದ ತೊಂದರೆ ಇರುವವರಿಗೆ ನಾನು ಇಂಜೆಕ್ಷನ್‌ನೇ ಹೇಳುತ್ತೇನೆ. ಕಾರ್ಬಮಜಪಿನ್‌ನಂಥ ಮಾತ್ರೆಗಳಿಂದ ಇದರಲ್ಲಿ ಸಿಗುವ ಲಾಭ ಕಡಿಮೆ, ತೂಕಡಿಕೆ ಜಾಸ್ತಿ.

ಕತ್ತು ಒಂದು ಕಡೆಗೆ ತಿರುಗಿಕೊಳ್ಳುವ ಡಿಸ್ಟೋನಿಯಾದಲ್ಲೂ ಇಂಜೆಕ್ಷನ್‌ಗೇ ಮೊದಲ ಸ್ಥಾನ. ಗಲ್ಲಕ್ಕೆ ಬೆರಳು ತಾಗಿಸಿದರೆ ಕತ್ತು ನೇರವಾಗುತ್ತದೆ ಎಂದು ಕೆಲವರು ಹೇಳುತ್ತಾರೆ. ಅದು ನಾಟಕ ಅಲ್ಲ, ಈ ಕಾಯಿಲೆಯ ಗುರುತೇ ಅದು. ಕತ್ತಿಗೆ ಇಂಜೆಕ್ಷನ್ ಆದ ಮೇಲೆ ಕೆಲವು ದಿನ ನುಂಗಲು ಕಷ್ಟವಾದರೆ ತಿಳಿಸಬೇಕು. ಇಂಜೆಕ್ಷನ್ ಸೋತಾಗ, ಅಥವಾ ಟಾರ್ಡೈವ್ ಡಿಸ್ಟೋನಿಯಾ ಮೈಯೆಲ್ಲ ಹಿಡಿದಾಗ ಡೀಪ್ ಬ್ರೇನ್ ಸ್ಟಿಮ್ಯುಲೇಶನ್ ಇದೆ, ಅಂದರೆ ಆಪರೇಷನ್ ಮಾಡಿ ಮೆದುಳಿನೊಳಗೆ ತಂತಿ ಇಟ್ಟು ಸಣ್ಣ ವಿದ್ಯುತ್ ಕೊಡುವುದು. ಲಕ್ಷಗಟ್ಟಲೆ ಖರ್ಚು, ಬ್ಯಾಟರಿ ಬದಲಿಸಬೇಕು, ಪದೇ ಪದೇ ಹೊಂದಿಸಿಕೊಳ್ಳಲು ಹೋಗಬೇಕು. ಅದು ಕೊನೆಯ ಮೆಟ್ಟಿಲು.

ಎಲ್ಲ ಪರೀಕ್ಷೆಯೂ ಸರಿ ಬಂದಾಗ

ಗಮನ ಬೇರೆ ಕಡೆ ಹೋದಾಗ ನಡುಕ ನಿಲ್ಲುತ್ತದೆ, ಇನ್ನೊಂದು ಕೈಯಲ್ಲಿ ತಾಳ ಹಾಕಿಸಿದರೆ ನಡುಕವೂ ಅದೇ ತಾಳಕ್ಕೆ ಬರುತ್ತದೆ. ಇದನ್ನು ಫಂಕ್ಷನಲ್ ಅಲ್ಲಾಟ ಎನ್ನುತ್ತಾರೆ. ದಯವಿಟ್ಟು ಇವರಿಗೆ "ನಾಟಕ ಮಾಡಬೇಡ" ಎನ್ನಬೇಡಿ. ಅವರು ಬೇಕೆಂದು ಮಾಡುವುದಲ್ಲ, ಸಂಕಟ ನಿಜವಾದದ್ದು. ಇಲ್ಲಿ ಅಲ್ಲಾಟ ತಗ್ಗಿಸುವ ಮಾತ್ರೆಗಿಂತ ವಿಶೇಷ ಫಿಸಿಯೋಥೆರಪಿ ಮತ್ತು ಆಪ್ತಸಮಾಲೋಚನೆ ಜಾಸ್ತಿ ಕೆಲಸ ಮಾಡುತ್ತವೆ.

ಯಾವ ಡಾಕ್ಟರ್, ಏನು ತೆಗೆದುಕೊಂಡು ಹೋಗಬೇಕು

ಮಾತ್ರೆ ಪರಿಶೀಲನೆ, ಸಕ್ಕರೆ, ಥೈರಾಯ್ಡ್ ಇವಿಷ್ಟಕ್ಕೆ ನಿಮ್ಮ ಫ್ಯಾಮಿಲಿ ಡಾಕ್ಟರ್ ಸಾಕು. ಅಲ್ಲಿಗೂ ಬಗೆಹರಿಯದಿದ್ದರೆ ನರರೋಗ ತಜ್ಞರು. ಮಾನಸಿಕ ಕಾಯಿಲೆಯ ಮಾತ್ರೆಯಿಂದ ಬಂದದ್ದಾದರೆ ನ್ಯೂರಾಲಜಿ ಮತ್ತು ಮನೋವೈದ್ಯ ವಿಭಾಗ ಎರಡೂ ಒಂದೇ ಆವರಣದಲ್ಲಿರುವ ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಹೋಗುವುದು ಒಳ್ಳೆಯದು. ಒಬ್ಬರು ನಿಲ್ಲಿಸಿ ಎಂದು, ಇನ್ನೊಬ್ಬರು ಮುಂದುವರಿಸಿ ಎಂದು ಹೇಳುವ ಗೊಂದಲ ತಪ್ಪುತ್ತದೆ.

ಚೀಲದಲ್ಲಿ ಕಳೆದ ಎರಡು ವರ್ಷದ ಚೀಟಿಗಳು, ಖಾಲಿ ಸ್ಟ್ರಿಪ್ ಸೇರಿ ಮನೆಯ ಎಲ್ಲ ಮಾತ್ರೆಗಳು, ಆಯುರ್ವೇದದ ಪುಡಿ ಲೇಹ್ಯಗಳು, ಮೊಬೈಲ್ ವಿಡಿಯೋ ಇರಲಿ. ಅಲ್ಲಾಟ ಶುರುವಾದ ತಿಂಗಳು ಮತ್ತು ಪ್ರತಿ ಮಾತ್ರೆ ಶುರುವಾದ ತಿಂಗಳನ್ನು ಒಂದು ಹಾಳೆಯಲ್ಲಿ ಅಕ್ಕಪಕ್ಕ ಬರೆಯಿರಿ. ಮಾನಸಿಕ ಕಾಯಿಲೆಯ ಅಥವಾ ವಾಂತಿಯ ಔಷಧ ತೆಗೆದುಕೊಳ್ಳುತ್ತಿರುವವರಿಗೆ ಜೋರು ಜ್ವರ, ಕಟ್ಟಿಗೆಯಂತೆ ಮೈ ಬಿಗಿತ, ಗೊಂದಲ ಒಟ್ಟಿಗೆ ಬಂದರೆ ಹಾಳೆ ಚೀಲ ಹುಡುಕುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಆ ಮಾತ್ರೆಯ ಸ್ಟ್ರಿಪ್ ಒಂದನ್ನು ಕೈಯಲ್ಲಿ ಹಿಡಿದು ಹೊರಡಿ.